ಬುವಾ ಮಾತಾಡಿದ ದಿವಸ

ಆಗಿನ ಸವಣೂರಿನಲ್ಲಿ ಬೆಳಕು ಹರಿಯುವುದಕ್ಕೆ ಮೊದಲೇ ಎಲೆಯ ವಾಸನೆ ಏಳುತ್ತಿತ್ತು. ಕೊಯ್ದು ತಂದ ವೀಳ್ಯದೆಲೆಯ ಮೇಲೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಹೊದಿಸಿಟ್ಟರೆ ಮನೆತುಂಬ ಹಸಿ ಖಾರದ ಕಂಪು. ಅದರಲ್ಲೇ ನಾವು ರೊಟ್ಟಿ ತಿಂದೆವು, ಅದರಲ್ಲೇ ಮಲಗಿದೆವು. ಎರಡನೆಯ ಮಹಾಯುದ್ಧದ ಕಾಲ, ಚಿಮಣಿ ಎಣ್ಣೆಗೂ ತತ್ವಾರ. ಆದರೂ ಎಲೆಯ ಬುಟ್ಟಿಗಳು ಚಕ್ಕಡಿ ಏರಿ ಯಲವಿಗಿ ಸ್ಟೇಶನ್ನಿಗೆ ಹೋಗುವುದು ನಿಲ್ಲಲಿಲ್ಲ. ಮುಂದೆ ಆ ವ್ಯಾಪಾರವನ್ನು ನಾನೇ ಹಿಡಿದೆ. ದಲ್ಲಾಳಿಗಳ ಜೊತೆ ಜಗ್ಗಾಡಿ ಮನೆ ಕಟ್ಟಿಸಿದೆ. ನನ್ನ ಬಾಯಿಗೆ ಹೆದರುವವರು ಪೇಟೆಯಲ್ಲಿ ಈಗಲೂ ಇದ್ದಾರೆ. ಆ ಬಾಯಿ ನನಗೆ ಬಂದದ್ದು ಹೇಗೆ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ನಾನು ಉಗ್ಗುತ್ತಿದ್ದೆ. ಬೇರೆ ಮಾತು ಹೇಗೋ ಹೊರಬೀಳುತ್ತಿತ್ತು, ನನ್ನ ಹೆಸರು ಮಾತ್ರ ಬರುತ್ತಿರಲಿಲ್ಲ. ಪಾರವ್ವ ಎನ್ನಲು ಹೋದರೆ ತುಟಿಗಳೆರಡೂ ಅಂಟು ಹಾಕಿದಂತೆ ಕೂಡಿಬಿಡುತ್ತಿದ್ದವು. ಆಣೆಕಲ್ಲು ಆಡುವಾಗ ಗೆಳತಿಯರು ನಗುತ್ತಿದ್ದರು. ಅದನ್ನಾದರೂ ತಡೆಯಬಹುದಿತ್ತು. ದೊಡ್ಡವರು ಕನಿಕರದಿಂದ ನನ್ನ ಮಾತನ್ನು ತಾವೇ ಮುಗಿಸುತ್ತಿದ್ದರಲ್ಲ, ಅದು ಇನ್ನೂ ಕೆಟ್ಟದ್ದು. ಬಾಯಿಯಲ್ಲಿದ್ದ ತುತ್ತನ್ನು ಕಸಿದುಕೊಂಡ ಹಾಗೆ ಆಗುತ್ತಿತ್ತು.

ಆ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಶಾಲೆಯ ಮಾಸ್ತರರು ಅಪ್ಪನ ಹತ್ತಿರ ಬಂದರು. ದಸರೆಗೆ ಮುಂಚೆ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬರುವವರಿದ್ದಾರೆ, ಪ್ರತಿಯೊಂದು ಮಗುವೂ ಎಲ್ಲರೆದುರು ಎದ್ದು ಹೆಸರು ಹೇಳಿ ಮಗ್ಗಿ ಒಪ್ಪಿಸಬೇಕು, ಬಾಯಿ ಬಿಡದವಳನ್ನು ಮುಂದಿನ ಇಯತ್ತೆಗೆ ಹಾಕುವುದು ತಮ್ಮ ಕೈಯಲ್ಲಿಲ್ಲ ಎಂದರು. ಅಪ್ಪ ಎಲೆ ಮಡಚುವುದನ್ನು ನಿಲ್ಲಿಸದೆ ಹೇಳಿದ:

"ಈ ಕೆಲಸಕ್ಕ ಬಾಯಿ ಯಾಕ ಬೇಕ್ರಿ ಮಾಸ್ತರ? ಅವತ್ತ ಹೇಳಿದ್ರ ಸಾಲಿಗೆ ಬರ್ತಾಳ. ಇಲ್ಲಂದ್ರ ಮನ್ಯಾಗ ಇರ್ತಾಳ."

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಇದ್ದಳು. ನನಗೋ ಶಾಲೆ ಎಂದರೆ ಜೀವ.

ಅದೇ ಮಳೆಗಾಲದಲ್ಲಿ ಹಾಡು ಕಟ್ಟುವ ಬುವಾ ಬಂದರು. ನಮಗೆ ಅವರು ಬರೀ ಬುವಾ. ಹೊರಗೆ ಅವರದು ಬಹಳ ದೊಡ್ಡ ಹೆಸರು. ಅವರು ಕಟ್ಟಿದ ಚೀಜುಗಳನ್ನು ದೊಡ್ಡ ದೊಡ್ಡ ಗವಾಯಿಗಳು ಹಾಡುತ್ತಿದ್ದರು. ಚಹಾದಂಗಡಿಯ ಫೋನೋದಲ್ಲೂ ಅವುಗಳ ಪ್ಲೇಟೇ. ಹೊಸ ಚೀಜು ಕಟ್ಟಲು ನಿರುಂಬಳ ಜಾಗ ಬೇಕೆಂದು ನಮ್ಮೂರ ದೇಸಾಯರ ವಾಡೆಯಲ್ಲಿ ಇಳಿದುಕೊಂಡಿದ್ದರು.

ನೋಡಿದರೆ ಹೆದರಿಕೆ ಬರುವಂಥ ಆಳು. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ, ಅಗಲ ಹಣೆ, ಕರಿ ಟೊಪ್ಪಿಗೆ, ಬಾಯಿಯನ್ನೇ ಮುಚ್ಚುವಂಥ ಮೀಸೆ. ಕಿವಿಯ ಮೇಲ್ತುದಿಯಲ್ಲಿ ಮುತ್ತಿನ ಸಣ್ಣ ಬಾಳಿ. ಉದ್ದ ಕೋಟಿನ ಎದೆಯ ಮೇಲೆ ಎಲೆಯಡಿಕೆಯ ಕಲೆ, ಹತ್ತಿರ ಹೋದರೆ ಅತ್ತರಿನ ವಾಸನೆ. ದಾರಿಯಲ್ಲಿ ನಮಸ್ಕಾರ ಮಾಡಿದವರಿಗೆ ಗೋಣು ಹಾಕುವರೇ ಹೊರತು ಒಂದು ಮಾತಿಲ್ಲ. ಎರಡೇ ವಾರದಲ್ಲಿ ಊರು ತೀರ್ಮಾನಿಸಿತು, ಬುವಾನಿಗೆ ಭಾರೀ ಸೊಕ್ಕು.

ಖಾರದಂಗಡಿಯ ಚಾಚಾನದು ಬೇರೆ ಲೆಕ್ಕ. ಬುವಾ ಅಂಗಡಿಯ ಮುಂದೆ ನಿಂತು ಕರಿದ ಖಾರದ ತಟ್ಟೆಯತ್ತ ಬೆರಳು ಮಾಡಿದರು. ಚಾಚಾ ದರ ಹೇಳಿದ. ಬುವಾ ಕಣ್ಣು ಅಗಲಿಸಿ ಸುಮ್ಮನೆ ನಿಂತರು. ಚಾಚಾ ದರ ಇಳಿಸಿದ. ಆಗಲೂ ಮಾತಿಲ್ಲ, ಮೀಸೆ ಮಾತ್ರ ಅದುರಿತು. ಚಾಚಾ ಮತ್ತೂ ಇಳಿಸಿ, "ಒಯ್ಯರಿ ಬುವಾಸಾಬ, ನಿಮ್ಮ ಮುಂದ ನಾ ಸೋತೆ" ಎಂದು ಪುಡಿಕೆ ಕಟ್ಟಿದ. ಬುವಾ ಮೊದಲು ಹೇಳಿದ ದರದಷ್ಟೇ ದುಡ್ಡಿಟ್ಟು ಹೊರಟುಹೋದರು. ಇಂಥ ಗಿರಾಕಿಯನ್ನು ನವಾಬರ ಈ ಸವಣೂರೂ ಕಂಡಿಲ್ಲ ಎಂದು ಚಾಚಾ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವುದಿಷ್ಟೆ: ದರ ಕೇಳಿದ ಮೇಲೆ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರಿ. ಎದುರಿನವನು ತಾನಾಗಿಯೇ ಇಳಿಯುತ್ತಾನೆ. ಬುವಾ ಇದನ್ನು ಬೇಕೆಂದು ಮಾಡಿದ್ದರೆ ನನಗಿಂತ ದೊಡ್ಡ ವ್ಯಾಪಾರಸ್ಥರಾಗುತ್ತಿದ್ದರು.

ವಾಡೆಗೆ ಎಲೆ ಮುಟ್ಟಿಸುವ ಕೆಲಸ ನನ್ನದಾಯಿತು. ಕೊಟ್ಟು ಬರುವುದಷ್ಟೆ, ಮಾತಾಡುವ ಪ್ರಸಂಗವಿಲ್ಲ ಎಂದು ಅವ್ವನೇ ಗೊತ್ತುಮಾಡಿದ್ದಳು. ಒಂದು ಬೆಳಿಗ್ಗೆ ಬುವಾ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ಎಲೆ ಇಟ್ಟು ತಿರುಗಿದವಳನ್ನು ಕೈ ಮಾಡಿ ನಿಲ್ಲಿಸಿದರು. ಏನೋ ಹೇಳಲು ಹೊರಟರು. "ಎ... ಎ..." ಅಲ್ಲಿಗೇ ನಿಂತಿತು. ಕಣ್ಣು ಮುಚ್ಚಿಕೊಂಡವು, ಕಾಲ ಹೆಬ್ಬೆರಳು ನೆಲವನ್ನು ಒತ್ತಿತು. ಆ ಹೆಬ್ಬೆರಳಿನ ಒತ್ತು ನನಗೆ ಗೊತ್ತಿತ್ತು, ನನ್ನದೂ ಹಾಗೇ ಒತ್ತುತ್ತಿತ್ತು. ಎಲೆಯ ವಿಷಯವನ್ನೇ ಹೇಳಲಿದ್ದಾರೆ ಎಂದು ತಿಳಿದಿತ್ತು. ಆದರೂ ಅವರ ಮಾತನ್ನು ನಾನು ಮುಗಿಸಲಿಲ್ಲ. ನಿಂತುಕೊಂಡೆ. ಕಡೆಗೆ, ಎಲಿ ಇನ್ನಷ್ಟು ಎಳೇವು ಇರಲಿ ಎಂದು ಅವರೇ ಹೇಳಿದರು. ಹೇಳಿ ನನ್ನ ಮುಖ ನೋಡಿದರು.

"ನಿನ್ನ ಹೆಸರೇನು ತಂಗಿ?"

ಈಗ ನನ್ನ ಸರದಿ. ತುಟಿ ಕೂಡಿಕೊಂಡವು. ಅವರೂ ಮುಗಿಸಲಿಲ್ಲ. ಹೊರಗೆ ಮಳೆ ಹನಿಯುತ್ತಿತ್ತು. ಅಷ್ಟು ದೊಡ್ಡ ಮನುಷ್ಯ, ಪೇಟೆಗೆ ಹೋಗುವ ಅವಸರವಿಲ್ಲದ ಎತ್ತಿನಂತೆ ಕಾಯ್ದುಕೊಂಡು ಕೂತರು. ಹೆಸರು ಹೊರಬಿದ್ದಾಗ ಮೀಸೆಯಡಿಯಲ್ಲಿ ನಕ್ಕರು. ಅವರ ಹಲ್ಲು ಕಂಡದ್ದು ಅವತ್ತೇ ಮೊದಲು.

ಅಂದಿನಿಂದ ಎಲೆ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರುತ್ತಿದ್ದೆ. ತಪಾಸಣೆಯ ಸಂಗತಿಯನ್ನೂ ತಡವರಿಸುತ್ತಲೇ ಹೇಳಿದೆ. ಬುವಾ ನನಗೆ ಹಾಡು ಕಲಿಸಲು ನೋಡಿ, ಒಂದೇ ದಿನಕ್ಕೆ ಬಿಟ್ಟರು. ನನ್ನ ದನಿ ಅಂಥದು. ಬದಲಿಗೆ ತೊಡೆಯ ಮೇಲೆ ತಾಳ ಹಾಕುತ್ತ, ಒಂದೊಂದು ಶಬ್ದವನ್ನೂ ಎಳೆದು ಹೇಳಿಕೊಟ್ಟರು. ಹಾಗೆ ಎಳೆದಾಗ ಅವರಿಗೂ ತೊಡರು ಕಡಿಮೆ.

"ಮಾತನ್ನ ನೂಕಬ್ಯಾಡ. ಉಸರು ಮೊದಲ ಹೋಗ್ಲಿ, ಅದರ ಬೆನ್ನ ಹತ್ತಿ ಮಾತು ಹೋಗ್ತದ."

ತಮ್ಮ ಚೀಜುಗಳೆಲ್ಲ ತಾಳದ ಮೊದಲ ಪೆಟ್ಟನ್ನು ಖಾಲಿ ಬಿಟ್ಟೇ ಏಳುವುದು ಇದಕ್ಕೇ ಎಂದೂ ಹೇಳಿದರು. ಸಣ್ಣವರಿದ್ದಾಗ ಉಸಿರು ಬಿಡಲು ಮಾಡಿಕೊಂಡ ಜಾಗವಂತೆ. "ಜನ ಅದನ್ನ ಕಲಾ ಅಂತಾರ. ನಾನೂ ಹೂಂ ಅಂತೇನಿ" ಎಂದು ಹೊಟ್ಟೆ ಕುಣಿಸಿ ನಕ್ಕರು. ಇದ್ದ ಕುಂದನ್ನೇ ಬಂಡವಾಳ ಮಾಡಿಕೊಳ್ಳಬೇಕೆಂದು ಮಕ್ಕಳಿಗೆ ನಾನು ಬುದ್ಧಿ ಹೇಳುವುದು ಅವರನ್ನು ನೆನೆದೇ.

ತಪಾಸಣೆಯ ದಿನ ಶಾಲೆಯ ಅಂಗಳದಲ್ಲಿ ಊರೇ ಸೇರಿತ್ತು. ಬುವಾ ದೇಸಾಯರ ಜೊತೆ ಮುಂದೆಯೇ ಕೂತಿದ್ದರು. ಎರಡು ಮಾತಾಡಬೇಕೆಂದು ಮಾಸ್ತರರು ವಾಡಿಕೆಗೆ ಕೇಳಿದರು. ಬುವಾ ಸಭೆಗಳಲ್ಲಿ ಮಾತಾಡುವುದಿಲ್ಲವೆಂದು ದೇಸಾಯರು ಹೇಳುತ್ತಿದ್ದಂತೆಯೇ ಬುವಾ ಎದ್ದು ನಿಂತರು.

"ಮ... ಮ... ಮ..."

ಮೀಸೆ ಅದುರಿತು. ಹಿಂದೆ ಯಾರೋ ಕಿಸಕ್ಕೆಂದರು. ಚಾಚಾ ತಿರುಗಿ ನೋಡಿದ ನೋಟಕ್ಕೆ ಆ ನಗು ಅಲ್ಲೇ ಸತ್ತಿತು. ಬುವಾ ಕೂರಲಿಲ್ಲ. ನನಗೆ ಕಲಿಸಿದ ಹಾಗೆ ತಾಳ ಹಾಕಿ ಎಳೆದು ಹೇಳಬಹುದಿತ್ತು, ಹಾಗೂ ಮಾಡಲಿಲ್ಲ. ಹನಿ ಬೀಳತೊಡಗಿತು, ಯಾರೂ ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮಾತು ಬಂತು.

"ಮಕ್ಕಳ, ನನಗ ಮಾತು ತಡಾ ಆಗಿ ಬರ್ತದ. ನೀವು ಕಾಯ್ದ್ರಿ, ಬಂತು. ಯಾರಿಗಾದ್ರೂ ಹಿಂಗ ಆದ್ರ, ಇಷ್ಟ ಕಾಯಿರಿ."

ಅಷ್ಟು ಹೇಳಿ ಕೂತರು, ನನ್ನ ಕಡೆ ನೋಡಲಿಲ್ಲ. ಊರೂರು ಬಚ್ಚಿಟ್ಟುಕೊಂಡು ತಿರುಗಿದ್ದನ್ನು ಅವರು ಆ ಅಂಗಳದಲ್ಲಿ ಬಿಚ್ಚಿಟ್ಟರು.

ನನ್ನ ಸರದಿ ಬಂದಾಗ ಎದ್ದೆ. ಸಾಹೇಬರು ಹೆಸರು ಕೇಳಿದರು. ಉಸಿರು ಬಿಟ್ಟೆ. ಆದರೂ ತುಟಿ ಅಂಟಿಕೊಂಡವು. ಯಾರೂ ನಗಲಿಲ್ಲ. ಯಾರೂ ನನ್ನ ಹೆಸರನ್ನು ನನಗಿಂತ ಮೊದಲು ಹೇಳಲಿಲ್ಲ. ಸಾಹೇಬರು ಬರೆಯುವುದನ್ನು ಬಿಟ್ಟು ಕಾಯ್ದರು. ಪಾರವ್ವ ಎಂದೆ. ಆಮೇಲೆ ಹದಿಮೂರರ ಮಗ್ಗಿಯನ್ನು ನಿಂತು ನಿಂತು, ಕಡೆಯವರೆಗೂ ಒಪ್ಪಿಸಿದೆ.

ಆ ಸಂಜೆ ಅಪ್ಪ ನನ್ನನ್ನು ಎಲೆ ಮಡಚಲು ಕರೆಯಲಿಲ್ಲ. ನನ್ನ ಬರೆಯುವ ಪಾಟಿಯನ್ನು ತಾನೇ ತೊಳೆದು ಗೂಡಿನಲ್ಲಿಟ್ಟ.

ದಸರೆ ಮುಗಿದ ಮೇಲೆ ಬುವಾ ಯಲವಿಗಿಯಲ್ಲಿ ರೈಲು ಹತ್ತಿದರು. ಮತ್ತೆ ಅವರನ್ನು ನೋಡಲಿಲ್ಲ. ಅವರ ಚೀಜು ಈಗಲೂ ರೇಡಿಯೋದಲ್ಲಿ ಬರುತ್ತದೆ. ಬಿಗುಮಾನದ ಮನುಷ್ಯ, ಸಭೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಎಷ್ಟೋ ಎಲೆತೋಟಗಳು ಹೋದವು, ವಾಡೆ ಬಿತ್ತು. ಅದಕ್ಕೆಲ್ಲ ನಾನು ಅಳುವುದಿಲ್ಲ, ಹೋದದ್ದಕ್ಕೆ ಪ್ರತಿಯಾಗಿ ಬಂದದ್ದೂ ಬಹಳವಿದೆ. ಆದರೆ ಒಂದು ಅಂಗಳ ತುಂಬ ಜನ, ಮಳೆ ಹನಿಯುತ್ತಿದ್ದರೂ, ಒಬ್ಬ ಮನುಷ್ಯನ ಬಾಯಿಂದ ಒಂದು ಶಬ್ದ ಬರಲಿ ಎಂದು ಕದಲದೆ ಕೂತದ್ದನ್ನು ನಾನು ಮತ್ತೆ ಎಲ್ಲಿಯೂ ಕಾಣಲಿಲ್ಲ. ಅಲ್ಲಿ ಕೂತವರಲ್ಲಿ ಈಗ ನಾನೊಬ್ಬಳೇ ಉಳಿದಿರಬೇಕು.