ಅಜ್ಜಂಪುರಕ್ಕೆ ಮಾಡಿದ ಫೋನು

ಶಶಿಕಲಾ, ಅವತ್ತು ನಿಮ್ಮಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದು ನಾನೇ.

ಕಡೂರಿನ ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಆಗಿ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ಊಟದ ಬಿಡುವಿನಲ್ಲಿ ನೀನು ನನ್ನ ಕೋಣೆಗೆ ಬಂದೆ. ಹೊಲಿಗೆ ನೋಡುವ ನೆಪದಲ್ಲಿ ಸೂಪರ್‌ವೈಸರ್ ಬೆನ್ನಿಗಂಟಿ ನಿಲ್ಲುವುದು, ಮೈಮೇಲೆ ಕೈ ಹಾಕುವುದು—ಒಂದನ್ನೂ ಬಿಡದೆ ಹೇಳಿದೆ. ಕೊನೆಗೆ, "ಮನೇಲಿ ಗೊತ್ತಾಗೋದು ಬ್ಯಾಡ ಮೇಡಂ. ಗೊತ್ತಾದ್ರೆ ಅವನ್ನ ಏನೂ ಕೇಳಲ್ಲ, ನನ್ನ ಕೆಲಸ ಬಿಡಿಸ್ತಾರೆ" ಅಂದೆ.

ನೀನು ಅಳುತ್ತಿದ್ದೆ ಎಂದು ನನ್ನ ನೆನಪು ಹೇಳುತ್ತದೆ. ನಾನು ಅದನ್ನು ನಂಬುವುದಿಲ್ಲ. ಕರಗಿಹೋಗಿ ಆ ಫೋನ್ ಮಾಡಿದೆ ಎಂದುಕೊಳ್ಳಲು ಆ ಕಣ್ಣೀರನ್ನು ಆಮೇಲೆ ನಾನೇ ಸೇರಿಸಿರಬೇಕು—ನೀನು ನೆಟ್ಟಗೆ ಕೂತು ಮಾತಾಡಿದ್ದೆ.

ಇಂಥ ದೂರನ್ನು ಕೇಳಲೆಂದೇ ಫ್ಯಾಕ್ಟರಿಯಲ್ಲಿದ್ದ ಸಮಿತಿಯ ಮುಂದಿಡಬೇಕಿತ್ತು. ಎಂಎಸ್‌ಡಬ್ಲ್ಯೂ ಓದಿದವಳಿಗೆ ಅಷ್ಟು ಗೊತ್ತಿರಲಿಲ್ಲವೇ? ಆದರೆ ನಿಮ್ಮ ಮನೆಯವರೂ ನಾವೂ ಒಂದೇ ಮಠಕ್ಕೆ ನಡೆದುಕೊಳ್ಳುವವರು. ಅಜ್ಜಂಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ನಿಮ್ಮಣ್ಣ ನನ್ನ ತಂದೆಗೆ ಪರಿಚಯ. ನಮ್ಮವರ ಹುಡುಗಿಯ ಮಾತು ನಾಲ್ಕು ಜನರೆದುರು ಬರುವುದಕ್ಕಿಂತ ಹಿರಿಯರ ಕಿವಿಗೆ ಹಾಕುವುದೇ ಮರ್ಯಾದೆ ಎನಿಸಿತು. ಫ್ಯಾಕ್ಟರಿಗೂ ಅದೇ ಅನುಕೂಲವಾಗಿತ್ತು. ಮೊದಲು ಹೊಳೆದದ್ದು ಮರ್ಯಾದೆಯೋ, ಅನುಕೂಲವೋ—

ನಿಮ್ಮಣ್ಣ ಸಮಾಧಾನದಿಂದಲೇ ಕೇಳಿಸಿಕೊಂಡರು. "ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ನಾಳೆಯಿಂದ ಅವಳು ಬರಲ್ಲ."

ಸೂಪರ್‌ವೈಸರ್ ತನ್ನ ಜಾಗದಲ್ಲೇ ಉಳಿದ. ಕೇಳಿದವರಿಗೆಲ್ಲ ನಾನು, ಅವಳು ಮನೆಯ ಕಾರಣಕ್ಕೆ ಬಿಟ್ಟಳು ಎಂದೆ.

ಹೋದ ತಿಂಗಳು ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. ಕೆಲಸ ಬಿಡಿಸಿದ ಮೇಲೆ ಮನೆಯವರು ಹೊರಗೆ ದುಡಿಯಲು ಬಿಡಲೇ ಇಲ್ಲ ಎಂದೆ. ಆಮೇಲೆ, "ಅಣ್ಣಂಗೆ ಹೇಳಿದ್ದು ಗಿರಿಜಾನೇ ಮೇಡಂ. ಪಕ್ಕದ ಮಿಷಿನ್‌ನಲ್ಲಿ ಕೂರ್ತಿದ್ಲಲ್ಲ, ಅವಳಿಗೊಬ್ಬಳಿಗೇ ಗೊತ್ತಿದ್ದಿದ್ದು. ಇವತ್ತಿಗೂ ಅವಳ ಮುಖ ನೋಡಲ್ಲ ನಾನು. ನೀವಾದ್ರೂ ಕೂರಿಸ್ಕೊಂಡು ಕೇಳಿದ್ರಿ" ಎಂದೆ.

ನಾನು ಸುಮ್ಮನಿದ್ದೆ. ನಿನ್ನ ಬಸ್ಸು ಬಂದು, ನೀನು ಹತ್ತಿ, ಕಿಟಕಿಯಿಂದ ಕೈಬೀಸುವವರೆಗೂ ಸುಮ್ಮನಿದ್ದೆ.

ಗಿರಿಜಾ ಈಗಲೂ ನಮ್ಮಲ್ಲೇ ಹೊಲಿಯುತ್ತಾಳೆ. ನೀನು ಯಾಕೆ ಮಾತು ಬಿಟ್ಟೆ ಎಂದು ಅವಳಿಗೆ ಗೊತ್ತಿಲ್ಲ. ಒಮ್ಮೆ ನನ್ನನ್ನೇ ಕೇಳಿದ್ದಳು. ಆಗಲೂ ನಾನು—

ಭಾನುವಾರ ನಿನ್ನ ಮನೆಗೆ ಬರುತ್ತೇನೆ. ನಿನ್ನ ಕೆಲಸವನ್ನು, ಹೋದ ವರ್ಷಗಳನ್ನು ತಂದುಕೊಡಲಾರೆ. ಕ್ಷಮೆಯನ್ನೂ ಕೇಳುವುದಿಲ್ಲ. ಬಾಗಿಲಲ್ಲೇ ನಿಂತು ಇದಿಷ್ಟನ್ನು ಬಾಯಿಬಿಟ್ಟು ಹೇಳುತ್ತೇನೆ. ಒಳಗೆ ಕರೆಯಬೇಡ. ಆದರೆ ಗಿರಿಜಾಳೊಡನೆ ಮತ್ತೆ ಮಾತಾಡು.