ದೊರೆಯ ಮೈಗೂದಲು

ನಮ್ಮ ಮನೆಯವರ ಮದುವೆ ಕಾಲದ ಕರಿ ಕೋಟನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಮೊನ್ನೆ ಟ್ರಂಕಿನಿಂದ ತೆಗೆದೆ. ಅವರು ಹೋಗಿ ಆರು ತಿಂಗಳಾಯಿತು. ಇನ್ನೂ ಎಷ್ಟು ದಿನ ಇಟ್ಟುಕೊಳ್ಳುವುದು ಹೇಳಿ? ಜೇಬಿನ ಹೊಲಿಗೆ ಸವರುವಾಗ ಬೆರಳಿಗೆ ಏನೋ ಚುಚ್ಚಿತು. ಸೂಜಿಯೆಂದುಕೊಂಡೆ. ಕನ್ನಡಕ ಹಾಕಿಕೊಂಡು ನೋಡಿದರೆ ಬೆಳ್ಳಗಿನ, ತಂತಿಯಂಥ ಒಂದು ಕೂದಲು. ದೊರೆಯದು.

ದೊರೆ ಎಂದರೆ ನಾಯಿ. ನಾನು ಮದುವೆಯಾಗಿ ಆದವಾನಿಗೆ ಬಂದ ಹೊಸತು, ಐವತ್ತರ ದಶಕದ ಮೊದಲ ವರ್ಷಗಳು. ಇವರು ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದರು. ಅಲ್ಲಿದ್ದ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹಡಗು ಹತ್ತುವಾಗ ಟೆರಿಯರ್ ಜಾತಿಯ ನಾಯಿಯನ್ನು ಇವರ ಕೈಗೆ ಒಪ್ಪಿಸಿ ಹೋಗಿದ್ದ. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ನಮ್ಮ ಅತ್ತೆಯ ನಾಲಗೆಗೆ ಅದು ಹೊರಳಲಿಲ್ಲ. ಗಡ್ಡ, ಮೀಸೆ, ಹುಬ್ಬು ಎಲ್ಲ ಇದ್ದದ್ದರಿಂದ ಅದರ ಹಳೆಯ ಯಜಮಾನನ ಬಿರುದೇ ಅದಕ್ಕೆ ಬಂತು.

ಅದರ ಮೈಗೆ ಕತ್ತರಿ ತಾಗಿಸಬಾರದು, ಒಣಗಿದ ಕೂದಲನ್ನು ಬೆರಳಿನಿಂದಲೇ ಬಿಡಿಸಬೇಕು ಎಂದು ಆತ ಹೇಳಿಕೊಟ್ಟಿದ್ದನಂತೆ. ಇವರಿಗೆ ಅದೇನು ಕಷ್ಟ? ಚಿಟಿಕೆ ಹತ್ತಿಯನ್ನು ಬೆರಳುಗಳ ನಡುವೆ ಎಳೆದು ಎಳೆಯ ಉದ್ದ ನೋಡುವುದೇ ಜಿನ್ನಿನಲ್ಲಿ ಅವರ ಕೆಲಸ. ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ನಾಯಿಯನ್ನು ನಿಲ್ಲಿಸಿಕೊಂಡು, ಬೆರಳು ಜಾರದಿರಲೆಂದು ವಿಭೂತಿ ಸವರಿಕೊಳ್ಳುತ್ತಿದ್ದರು. ಒಮ್ಮೆ ಪೂಜೆಗೆ ಕೂತ ಅತ್ತೆಗೆ ವಿಭೂತಿ ಗಟ್ಟಿಯೇ ಸಿಗಲಿಲ್ಲ.

"ನಾಯಿಗೆ ದೀಕ್ಷಾ ಕೊಡಾಕ ಹತ್ತೀಯೇನೋ? ನಾಳೆ ಕೊಳ್ಳಾಗ ಲಿಂಗಾನೂ ಕಟ್ಟು!"

ಇವರು ನನ್ನನ್ನೂ ಎದುರು ಕೂರಿಸಿ ಕಲಿಸಿದರು. "ಬೆಳದ ದಿಕ್ಕಿಗೇ ಎಳಿ. ಸತ್ತದ್ದಾದ್ರ ತಾನಾ ಬರ್ತೈತಿ. ಬರವಲ್ದು ಅಂದ್ರ ಅದರಾಗ ಜೀವ ಐತಿ, ಬಿಟ್ಟುಬಿಡು."

ಇದರಲ್ಲೇನಿದೆ ಎಂದು ನಿಮಗೆ ಅನ್ನಿಸಬಹುದು. ಆ ಕಾಲದಲ್ಲಿ ಹಗಲು ಹೊತ್ತು, ಹಿರಿಯರೆದುರು, ಗಂಡ ಹೆಂಡತಿ ಕೂತು ಮಾತಾಡುವುದು ಎಲ್ಲಿತ್ತು? ನಡುವೆ ನಾಯಿ ಇದ್ದರೆ ಅದು ಮಾತಲ್ಲ, ಕೆಲಸ. ವಾರಕ್ಕೆ ಆ ಒಂದು ತಾಸು ನನ್ನದು. ಹತ್ತಿ ಪೇಟೆಯ ಸುದ್ದಿ, ನನ್ನ ತವರು ನಂದವರದ ಸುದ್ದಿ, ಏನೂ ಅಲ್ಲದ ಸುದ್ದಿ. ನಾನು ಹೆಚ್ಚು ಕೂದಲು ಕೀಳುತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಬೇಗ ಮುಗಿದರೆ ಏಳಬೇಕಲ್ಲ!

ಹತ್ತಿಯ ಸುಗ್ಗಿ ಬಂತು. ಇವರಿಗೆ ಭಾನುವಾರವೂ ಬಿಡುವಿಲ್ಲ. ಒಂದು ದಿನ ಅತ್ತೆಯ ರೊಟ್ಟಿಯಲ್ಲಿ ಕೂದಲು ಬಂತು.

"ಸೋಮಾರದೊಳಗ ಕೂದಲರ ಹೋಗಬೇಕು, ನಾಯಿಯರ ಹೋಗಬೇಕು. ಪತ್ತಿಕೊಂಡದ ನಿಮ್ಮ ಮಾವಗ ಕೊಟ್ಟು ಬಾ" ಎಂದು ಮಗನಿಗೆ ಹೇಳಿಬಿಟ್ಟರು.

ನಾಯಿಯನ್ನು ಉಳಿಸುವ ಗಡಿಬಿಡಿಯಲ್ಲಿ ಇವರು ಕೌತಾಳಂ ಕಡೆಯ, ಕುರಿಯ ಉಣ್ಣೆ ಕತ್ತರಿಸುವವನೊಬ್ಬನನ್ನು ಕರೆತಂದರು. ಅವನು ದೊರೆಯ ಸುತ್ತ ಒಮ್ಮೆ ತಿರುಗಿ, "ಇದಿ ಕುಕ್ಕನಾ, ಗೊರ್ರೆನಾ ಸಾಮಿ?" ಎಂದು ತೆಲುಗಿನಲ್ಲಿ ಕೇಳಿದ. ನಾಯೋ ಕುರಿಯೋ ಎಂಬ ಅನುಮಾನ ತೀರುವ ಮೊದಲೇ ಕತ್ತರಿ ಓಡಿಸಿಯೂ ಬಿಟ್ಟ. ದೊರೆ ನಾಚಿಕೊಂಡು ಮಂಚದ ಕೆಳಗೆ ಸೇರಿತು.

"ನೋಡು, ಒಂದ ತಾಸಿಗೆ ಮುಗೀತು. ಇನ್ನ ನಿನಗೂ ತ್ರಾಸಿಲ್ಲ" ಎಂದು ಇವರು ಹಿಗ್ಗಿದರು.

ನಾನು ಒಳಗೆ ಹೋಗಿ ಜೋಳ ಹಸನು ಮಾಡುತ್ತ ಕೂತೆ. ಎರಡು ದಿನ ಇವರ ತಟ್ಟೆಗೆ ರೊಟ್ಟಿಯನ್ನು ಕುಕ್ಕಿ ಬಡಿಸಿದೆ. ಯಾಕೆಂದು ಪಾಪ ಅವರಿಗೆ ತಿಳಿಯಲಿಲ್ಲ.

ಕೂದಲೇನೋ ಮತ್ತೆ ಬೆಳೆಯಿತು. ಆದರೆ ಮೊದಲಿನ ಗಡಸುತನ ಹೋಗಿ ಬಿಡಿಸಿದ ಹತ್ತಿಯಂತೆ ಮೆತ್ತಗಾಗಿತ್ತು. ಬೀದಿಯ ಮುಳ್ಳು, ಕಸಕಡ್ಡಿ ಎಲ್ಲವನ್ನೂ ಹಿಡಿದು ತಂದು ಮನೆತುಂಬ ಉದುರಿಸತೊಡಗಿತು. ಅತ್ತೆ ಪತ್ತಿಕೊಂಡದ ಮಾತನ್ನು ಮತ್ತೆ ಎತ್ತಿದರು. ಇವರು ತಲೆ ತಗ್ಗಿಸಿ ನಿಂತರು. ಅಲ್ಲಿಯವರೆಗೆ ಅತ್ತೆಯ ಎದುರು ಬಾಯಿ ತೆರೆಯದ ನಾನು ಬಾಗಿಲ ಮರೆಯಿಂದ ಅಂದೆ:

"ಮದಲಿನಂಗ ಕೈಲೇ ತೆಗೀತೀವ್ರಿ ಅತ್ತಿ. ಆದ್ರ ಅದನ್ನ ಒಬ್ಬರು ಹಿಡಕೊಂಡು ಕೂಡಬೇಕಾಗತೈತಿ."

ಶುದ್ಧ ಸುಳ್ಳು. ದೊರೆ ಕಣ್ಣು ಮುಚ್ಚಿಕೊಂಡು ತಾನೇ ನಿಲ್ಲುತ್ತಿತ್ತು. ಅದು ಅತ್ತೆಗೂ ಗೊತ್ತು. ಅವರು ನನ್ನನ್ನು ನೋಡಿದರು, ಮಗನನ್ನು ನೋಡಿದರು.

"ಹೌದಾ? ಅಷ್ಟು ಜೋರು ಮಾಡತೈತಾ ಅದು?"

ಅವರ ಕಾಲ ಬಳಿಯೇ ನಾಯಿ ಗೊರಕೆ ಹೊಡೆಯುತ್ತಿತ್ತು.

"ಹೂಂ, ಹಿಡೀಲಿ ಬಿಡು. ಸುಗ್ಗಿ ಮುಗೀತಲ್ಲ. ಸಾವಕಾಶ ತೆಗೀರಿ, ಅವಸರ ಏನೈತಿ?" ಎಂದವರೇ ಒಳಗಿನಿಂದ ಒಂದು ವಿಭೂತಿ ಗಟ್ಟಿ ತಂದು ಕಟ್ಟೆಯ ಮೇಲಿಟ್ಟರು. "ಇದು ದೊರಿದು. ದೇವರ ಮನ್ಯಾಂದು ಮುಟ್ಟಬ್ಯಾಡ್ರಿ."

ಮೊದಲಿನ ಮೈ ಬರಲು ವರ್ಷವೇ ಹಿಡಿಯಿತು. ನಮಗೇನೂ ಬೇಸರವಾಗಲಿಲ್ಲ. ಮುಂದೆ ದೊರೆ ಮುದಿಯಾಗಿ ತೀರಿಕೊಂಡಿತು. ಆ ಹೊತ್ತಿಗೆ ಕಟ್ಟೆಯ ಮೇಲೆ ಕೂರಲು ನಮಗೆ ನಾಯಿಯ ನೆವ ಬೇಕಿರಲಿಲ್ಲ.

ಮೊನ್ನೆ ಬೆರಳಿಗೆ ವಿಭೂತಿ ಹಚ್ಚಿಕೊಂಡು ಕೋಟಿನ ಆ ಕೂದಲನ್ನು ಹಿಡಿದೆ. ಮೆಲ್ಲಗೆ ಎಳೆದೆ. ಬರಲಿಲ್ಲ. ಇನ್ನೊಂದು ಕಡೆಗೆ ಎಳೆದೆ.

"ಬರವಲ್ದು" ಎಂದೆ, ಪಕ್ಕದಲ್ಲಿ ಅವರು ಇದ್ದ ಹಾಗೆ. ಬಿಟ್ಟುಬಿಟ್ಟೆ.

ಕೋಟು ಈಗ ಟ್ರಂಕಿನಲ್ಲಿಲ್ಲ, ಬಾಗಿಲ ಪಕ್ಕದ ಗೂಟದಲ್ಲಿದೆ. ಚಳಿಯ ಬೆಳಗಿನಲ್ಲಿ ಸೀರೆಯ ಮೇಲೆಯೇ ಅದನ್ನು ಹಾಕಿಕೊಂಡು ಕಟ್ಟೆಗೆ ಹೋಗಿ ಕೂರುತ್ತೇನೆ. ಓಣಿಯವರು ನೋಡಿ ನಗುತ್ತಾರೆ. ಜೇಬಿಗೆ ಕೈ ಹಾಕಿದರೆ ಸ್ವಲ್ಪ ಚುಚ್ಚುತ್ತದೆ.