ಮಹಾನಂದಾ ಬಿರಾದಾರರ ಬಲ ಮೊಣಕಾಲು

2007ರಲ್ಲಿ ನಾನು ಹೈದರಾಬಾದಿನ ತಾರ್ನಾಕದ ಹತ್ತಿರ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಗರದ ಪಶ್ಚಿಮ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅವುಗಳೊಳಗೆ ಕುಳಿತು ದುಡಿಯುವವರ ಕುತ್ತಿಗೆ, ಬೆನ್ನು, ಮಣಿಕಟ್ಟುಗಳೆಲ್ಲ ಸಂಜೆಯಾದರೆ ನಮ್ಮ ವಿಭಾಗಕ್ಕೆ ಬರುತ್ತಿದ್ದವು. ಇಪ್ಪತ್ತೈದರ ಹುಡುಗರು ಅರವತ್ತರವರ ಹಾಗೆ ಮೆಟ್ಟಿಲು ಹತ್ತುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ನನ್ನ ತವರು ರಾಯಚೂರು. ಕನ್ನಡ ಮಾತಾಡುವ ರೋಗಿ ಯಾರೇ ಬರಲಿ, ರಿಸೆಪ್ಷನ್ನಿನ ಹುಡುಗಿ "ಮೇಡಂ, ಮೀ ವಾಳ್ಳು" ಎಂದು, ಅಂದರೆ ನಿಮ್ಮ ಕಡೆಯವರು ಎಂದು, ನನ್ನ ಕೋಣೆಗೇ ದಾಟಿಸಿಬಿಡುತ್ತಿದ್ದಳು. ಹಾಗೆ ದಾಟಿ ಬಂದವರು ಮಹಾನಂದಾ ಬಿರಾದಾರ. ನನ್ನ ಇಡೀ ವೃತ್ತಿಯಲ್ಲಿ ತಾಳ್ಮೆಯನ್ನು ಅಷ್ಟು ಪರೀಕ್ಷಿಸಿದ ರೋಗಿ ಇನ್ನೊಬ್ಬರಿಲ್ಲ.

ಅವರಿಗಾಗ ನಲವತ್ತೊಂದು ವರ್ಷ. ಊರು ಕಲಬುರಗಿ ಕಡೆಯದು. ಗಂಡ ರೇವಣಸಿದ್ದಪ್ಪ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದರು. ಮನೆ ಮಲ್ಕಾಜ್‌ಗಿರಿಯಲ್ಲಿ. ಮಹಾನಂದಾ ಅವರದು ಲಿಂಗಂಪಲ್ಲಿಯ ಆಚೆಗಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟ್ರಾನ್ಸ್‌ಪೋರ್ಟ್ ಡೆಸ್ಕಿನ ಕೆಲಸ. ಯಾವ ಉದ್ಯೋಗಿ ಯಾವ ಕ್ಯಾಬಿನಲ್ಲಿ ಮನೆಗೆ ಹೋಗಬೇಕು, ಯಾವ ಡ್ರೈವರ್ ಎಲ್ಲಿ ಕಾಯಬೇಕು ಎಂದು ಎರಡು ಕೈಯಲ್ಲಿ ಎರಡು ಫೋನು ಹಿಡಿದು ಹೇಳುತ್ತ ಕೂರಬೇಕು. ಊರನ್ನೆಲ್ಲ ಓಡಾಡಿಸುವ ಆ ಹೆಂಗಸು ವರ್ಷಗಟ್ಟಲೆ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ತೂಕ ನೂರಾ ಹದಿನೆಂಟು ಕಿಲೋ ಮುಟ್ಟಿತ್ತು. ಸಕ್ಕರೆ ಕಾಯಿಲೆ ಬಂದಿತ್ತು. ಎರಡೂ ಮೊಣಕಾಲುಗಳ ಮೃದ್ವಸ್ಥಿ ಸವೆಯತೊಡಗಿತ್ತು.

ಹಿಂದಿನ ವರ್ಷ ನಮ್ಮ ಆಸ್ಪತ್ರೆಯಲ್ಲೇ ಅವರಿಗೆ ಗ್ಯಾಸ್ಟ್ರಿಕ್ ಬೈಪಾಸ್ ಆಗಿತ್ತು. ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣದೊಂದು ಚೀಲದಷ್ಟನ್ನು ಬೇರ್ಪಡಿಸಿ, ಅದನ್ನು ನೇರವಾಗಿ ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಅದು. ತಿನ್ನುವುದೂ ಕಡಿಮೆಯಾಗುತ್ತದೆ, ತಿಂದದ್ದು ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ. ನನ್ನ ಬಳಿ ಬರುವಾಗ ಅವರ ತೂಕ ಎಪ್ಪತ್ತಾರಕ್ಕೆ ಇಳಿದಿತ್ತು. ಸಕ್ಕರೆಯ ಮಾತ್ರೆ ನಿಂತಿತ್ತು. ಮೊಣಕಾಲು ನೋವು ಮಾತ್ರ ಹೋಗಿರಲಿಲ್ಲ. ಅದಕ್ಕೆ ಕಾರಣ ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅವರ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಬೂಟಿನ ಅಟ್ಟೆ ಮುಂಗಾಲಿನ ಕೆಳಗೆ ಸವೆದಿತ್ತು. ನಡೆಯುವವರ ಬೂಟು ಹಾಗೆ ಸವೆಯುವುದಿಲ್ಲ.

"ಓಡಾಕತ್ತೀರೇನು?" ಎಂದು ಕೇಳಿದೆ.

"ನಾ ಎಲ್ಲಿ ಓಡ್ತೀನ್ರಿ. ನಡಿಯೂದ ಸಾಕಾಗೈತಿ."

"ಉಗುರಿಗೆ ಏನಾತು?"

"ಬಾಗಲಾ ಬಡದೈತ್ರಿ."

ಮುಂದಿನ ವಾರ ಎಡಗಾಲಿನ ಉಗುರೂ ಕಪ್ಪಾಗಿತ್ತು. ಅದಕ್ಕೂ ಬಾಗಿಲೇ ಬಡಿದಿತ್ತು.

ಇದರಲ್ಲಿ ತಪ್ಪು ಅವರೊಬ್ಬರದೇ ಅಲ್ಲ. ಶಸ್ತ್ರಚಿಕಿತ್ಸೆ ಮಾಡಿದ ಸರ್ಜನ್‌ಗೆ ಮಹಾನಂದಾ ಎಂದರೆ ಹೆಮ್ಮೆ. "ಓಡಲಿ ಬಿಡಿ, ಇನ್ನೂ ಐದಾರು ಕಿಲೋ ಇಳಿಯುತ್ತದೆ" ಎನ್ನುತ್ತಿದ್ದರು. ಮೂಳೆ ತಜ್ಞರು ಎಕ್ಸ್‌ರೇ ನೋಡಿ, ಈ ಜನ್ಮದಲ್ಲಿ ಓಡಬೇಡಿ ಎಂದಿದ್ದರು. ನಾನು, ಸದ್ಯ ನಡೆಯಿರಿ, ತೊಡೆಯ ಸ್ನಾಯು ಬಲವಾಗಲಿ, ಆಮೇಲೆ ನೋಡೋಣ ಎಂದಿದ್ದೆ. ಮೂರು ಮಾತುಗಳಲ್ಲಿ ತಮಗೆ ರುಚಿಸಿದ್ದನ್ನು ಅವರು ಆರಿಸಿಕೊಂಡಿದ್ದರು. ಉಳಿದಿಬ್ಬರ ಮುಂದೆ ಮುಖ ಸಪ್ಪೆ ಮಾಡಿಕೊಂಡು ತಲೆಯಾಡಿಸುತ್ತಿದ್ದರು. ನಾನು ಹೇಳಿಕೊಟ್ಟ ವ್ಯಾಯಾಮಗಳನ್ನು ಮಾಡುತ್ತಿದ್ದೀರಾ ಎಂದರೆ ಹೌದ್ರಿ. ಮಾಡಿ ತೋರಿಸಿ ಎಂದರೆ ಅವು ಯಾವುವು ಎಂಬುದೇ ಮರೆತಿರುತ್ತಿತ್ತು. ಒಂದು ದಿನ ನಾನು ಅವರ ಎದುರಿಗೇ ಹಣೆ ಚಚ್ಚಿಕೊಂಡೆ. ಅವರು ಪಾಪ ಎನ್ನುವ ಹಾಗೆ ನನ್ನನ್ನು ನೋಡಿ, "ನಿಮಗ ಭಾಳ ಪೇಷಂಟ್ ಆಗ್ಯಾರ್ರಿ, ಒಂದೀಟು ಆರಾಮ ಮಾಡ್ರಿ" ಎಂದರು.

ಹೀಗೇ ಕೆಲವು ವಾರ ಕಳೆದ ಮೇಲೆ ಒಂದು ದಿನ ಹೆಂಡತಿಯ ಜೊತೆ ರೇವಣಸಿದ್ದಪ್ಪನವರೂ ಬಂದರು. ಸಣಕಲು ಮೈ, ದಪ್ಪ ಮೀಸೆ, ಮಾತು ಕಡಿಮೆ. ಮಹಾನಂದಾ ಒಳಗೆ ಬಿಸಿ ಶಾಖ ತೆಗೆದುಕೊಳ್ಳುತ್ತಿದ್ದಾಗ ಅವರು ಮೆಲ್ಲಗೆ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಮೇಡಮ್, ಈಕಿಗೆ ನೀವರೆ ಒಂದೀಟು ಹೇಳ್ರಿ. ನಸುಕಿನ್ಯಾಗ ಎದ್ದು ಹೊಂಟಬಿಡ್ತಾಳ. ಕೇಳಿದ್ರ ಹಾಲು ತರಾಕ ಅಂತಾಳ. ಹಾಲಿನವ ನಮ್ಮನಿಗೇ ಬರ್ತಾನ."

ನಾನು ಹೇಳಿ ಸೋತಿದ್ದೇನೆ ಎಂದೆ. ಅವರು ಹೋಗದೆ ಅಲ್ಲೇ ನಿಂತರು. ಮನಸ್ಸಿನಲ್ಲಿ ಇನ್ನೂ ಏನೋ ಇತ್ತು.

"ಇನ್ನೊಂದು ಮಾತ್ರಿ. ಆ ಮೆಡಿಕಲ್ ಶಾಪಿನವನ ಮ್ಯಾಲೆ ನಂಗ ಡೌಟ್ ಬಂದೈತಿ. ನನ್ನ ನಡಾ ನೋವಿನ ಗುಳಿಗಿ ತಿಂಗಳಿಗೆ ಆಗೂವಷ್ಟು ತರ್ತೀನಿ. ಹದಿನೈದು ದಿನಕ್ಕ ಖಾಲಿ ಆಗಾಕತ್ತಾವ. ಅಂವ ಕಡಿಮಿ ಹಾಕಿ ಕೊಡಾಕತ್ತಾನೋ ಏನೋ."

ಗುಳಿಗೆ ಎಲ್ಲಿ ಹೋಗುತ್ತಿವೆ ಎಂದು ನನಗೆ ಹೊಳೆಯಿತು. ಬೈಪಾಸ್ ಆದವರು ಮುಟ್ಟಲೇಬಾರದ ಔಷಧಿ ಇದ್ದರೆ ಅದು ಈ ಜಾತಿಯ ನೋವಿನ ಮಾತ್ರೆ. ಹೊಟ್ಟೆಯ ಚೀಲಕ್ಕೂ ಕರುಳಿಗೂ ಹೊಲಿಗೆ ಬಿದ್ದಿರುವ ಜಾಗದಲ್ಲಿ ಅದು ಹುಣ್ಣು ಮಾಡುತ್ತದೆ. ಹುಣ್ಣು ಒಡೆದು ರಕ್ತ ಸುರಿದರೆ ರೋಗಿಯನ್ನು ಉಳಿಸಿಕೊಳ್ಳುವುದೇ ಕಷ್ಟ. ಡಿಸ್ಚಾರ್ಜ್ ಮಾಡುವಾಗ ಇದನ್ನು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತಾರೆ. ಮಹಾನಂದಾ ಅವರಿಗೂ ಹೇಳಿದ್ದರು.

ನೇರ ಒಳಗೆ ಹೋಗಿ ಶಾಖದ ಯಂತ್ರ ಆರಿಸಿದೆ. "ಗುಳಿಗಿ ತಗೋಳಾಕತ್ತೀರಿ?"

ಈ ಸಲ ಅವರು ಬಾಗಿಲು, ಹಾಲು ಯಾವುದನ್ನೂ ಹೇಳಲಿಲ್ಲ. "ಇಲ್ಲಂದ್ರ ಕಾಲು ಊರಾಕ ಆಗೂದಿಲ್ರಿ" ಎಂದರು.

"ಎಲ್ಲಿ ನೋವು, ತೋರಸ್ರಿ."

ಕೀಲು ಸವೆದ ನೋವನ್ನು ತೋರಿಸಿ ಎಂದರೆ ರೋಗಿಗಳು ಸಾಮಾನ್ಯವಾಗಿ ಅಂಗೈಯನ್ನು ಇಡೀ ಮೊಣಕಾಲಿನ ಮೇಲೆ ಹರವಿ ಇಡುತ್ತಾರೆ. ಮಹಾನಂದಾ ಮೊದಮೊದಲು ತೋರಿಸಿದ್ದೂ ಹಾಗೆಯೇ. ಈಗ ಅವರು ಒಂದೇ ಬೆರಳು ಇಟ್ಟರು. ಅದೂ ಕೀಲಿನ ಮೇಲಲ್ಲ, ಅದರ ಕೆಳಗೆ, ಒಳಬದಿಯ ಎಲುಬಿನ ಮೇಲೆ. ನಾನು ಅಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಅವರು ಉಸಿರು ಕಟ್ಟಿ ಮಂಚದ ಅಂಚು ಹಿಡಿದುಕೊಂಡರು. ಮಲಗಿದಾಗಲೂ ನೋಯುತ್ತದೆಯೇ ಎಂದೆ. ಹೌದು ಎಂದರು.

ಅಂದೇ ಎಂಆರ್‌ಐ ಮಾಡಿಸಿದೆವು. ಬಲಗಾಲಿನ ಮೊಣಕಾಲಿನ ಕೆಳಗಿನ ಎಲುಬಿನ ಮೇಲ್ಭಾಗದಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಇತ್ತು. ಬೀಳದೆ, ಪೆಟ್ಟಾಗದೆ, ಮತ್ತೆ ಮತ್ತೆ ಭಾರ ಬಿದ್ದು ಎಲುಬಿನಲ್ಲಿ ಮೂಡುವ ಕೂದಲೆಳೆಯ ಬಿರುಕು ಅದು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತಳ ಮುಟ್ಟಿತ್ತು. ಬೈಪಾಸ್ ಆದವರು ಜೀವನಪೂರ್ತಿ ತೆಗೆದುಕೊಳ್ಳಬೇಕಾದ ಕ್ಯಾಲ್ಸಿಯಂ ಮಾತ್ರೆಯನ್ನು ಇವರು ಎಂದೋ ಬಿಟ್ಟಿದ್ದರು. ಸುಣ್ಣ ನುಂಗಿದಂಗ ಆಕ್ಕೈತ್ರಿ ಎಂಬುದು ಕಾರಣ. ಮರುದಿನ ಎಂಡೋಸ್ಕೋಪಿ ಮಾಡಿದಾಗ ಹೊಲಿಗೆಯ ಜಾಗದಲ್ಲಿ ಹುಣ್ಣು ಕಾಣಿಸಿತು. ಪುಣ್ಯಕ್ಕೆ ರಕ್ತ ಒಸರಿರಲಿಲ್ಲ. ಓಡಲಿ ಬಿಡಿ ಎಂದಿದ್ದ ಸರ್ಜನ್ ಪರದೆಯನ್ನು ನೋಡಿ ತಾವೇ ಹುಣ್ಣಿನ ಔಷಧಿ ಬರೆದರು. ತಿನ್ನಬೇಕಾದ ಗುಳಿಗೆ ಬಿಟ್ಟು, ತಿನ್ನಬಾರದ ಗುಳಿಗೆ ತಿಂದು, ಮುರಿಯುತ್ತಿರುವ ಕಾಲಿನ ಮೇಲೆ ದಿನವೂ ಓಡಿದ್ದ ಈ ಹೆಂಗಸನ್ನು ಏನೆಂದು ಬೈಯುವುದು ಎಂದು ನನಗೆ ತೋಚಲಿಲ್ಲ.

ಅವರನ್ನು ದಾಖಲು ಮಾಡಿಕೊಂಡೆವು. ಸಂಜೆ ಅವರ ಕಂಪನಿಯ ಎಚ್‌ಆರ್ ವಿಭಾಗದಿಂದ ಫೋನು ಬಂತು. ಬರುವ ಭಾನುವಾರ ಉದ್ಯೋಗಿಗಳಿಗಾಗಿ ಆರೋಗ್ಯದ ಓಟ ಏರ್ಪಡಿಸಿದ್ದಾರಂತೆ. ಮಹಾನಂದಾ ಅವರ ಹಳೆಯ ಮತ್ತು ಹೊಸ ಫೋಟೋಗಳನ್ನು ಅಕ್ಕಪಕ್ಕ ಹಾಕಿದ ದೊಡ್ಡ ಬ್ಯಾನರ್ ಈಗಾಗಲೇ ಗೇಟಿಗೆ ಕಟ್ಟಿದ್ದಾರಂತೆ. ಎಲುಬು ಬಿರುಕು ಬಿಟ್ಟಿದೆ ಎಂದು ವಿವರಿಸಿದೆ. ಆ ಕಡೆಯ ತರುಣಿ ಸಹಾನುಭೂತಿಯಿಂದಲೇ ಕೇಳಿಸಿಕೊಂಡು, ಕೊನೆಯ ನೂರು ಮೀಟರ್ ಮಾತ್ರ ಮೆಲ್ಲಗೆ ಓಡಿದರೆ ಆಗದೇ ಮೇಡಂ, ಫೋಟೋಗೆ ಅಷ್ಟು ಸಾಕು, ಎಂದಳು. ನಾನು ಫೋನು ಇಟ್ಟುಬಿಟ್ಟೆ.

ವಾರ್ಡಿಗೆ ಹೋಗಿ ಮಹಾನಂದಾ ಅವರಿಗೆ ಈ ಮಾತು ತಿಳಿಸಿದರೆ ಅವರು, "ಹೂಂ ಅಂದುಬಿಟ್ಟೀನ್ರಿ. ಕಟ್ಟಿಗಿ ಹಿಡಕೊಂಡರೆ ಹೋಗಿ ಬರ್ತೀನಿ" ಎಂದರು.

ಅಲ್ಲಿಗೆ ನನ್ನ ಸಹನೆ ಮುಗಿಯಿತು. ಅಕ್ಕಪಕ್ಕದ ಮಂಚದವರು ತಿರುಗಿ ನೋಡುವಷ್ಟು ದನಿ ಏರಿಸಿದೆ. "ತೂಕ ಇಳೀತು. ಸಕ್ಕರಿ ಹೋತು. ನಡದ್ರ ಸಾಕು ಅಂತ ನೂರು ಸಲ ಹೇಳೀನಿ. ಸಾಯೂ ತನಕ ಓಡಬೇಕು ಅನ್ನಾಕ ನಿಮಗ ಏನಾಗೈತಿ?"

ಅವರು ಕಿಟಕಿಯ ಕಡೆ ಮುಖ ತಿರುಗಿಸಿ ಹೇಳತೊಡಗಿದರು.

"ಬಸ್ಸು ಹೊಂಟ್ರ ನಾ ನಿಂತಬಿಡ್ತಿದ್ದೆರಿ. ರೈಲು ಹೊಂಟ್ರೂ ಹಂಗ. ಅದು ನಂದಲ್ಲ, ಮುಂದಿಂದು ನಂದು ಅಂತ. ಒಮ್ಮೆ ಮದ್ವಿ ಆದ ಹೊಸದಾಗಿ ಓಡಿದ್ದೆ. ಬಸ್ಸಿನ್ಯಾಗ ಇದ್ದ ಮಂದಿ ಎಲ್ಲಾ ಕಿಡಕ್ಯಾಗ ಹಣಿಕಿ ಹಾಕಿ ನಕ್ರು. ಕಂಡಕ್ಟರ್ ಸುದ್ದಾ. ಅವತ್ತಿನಿಂದ ಓಡಲಿಲ್ಲ. ಆಪರೇಷನ್ ಆದ ಮ್ಯಾಲ ಒಂದಿನ ಲಿಂಗಂಪಲ್ಲಿ ಸ್ಟೇಷನ್ನಿನ್ಯಾಗ ಮೆಟ್ಟಲಾ ಇಳ್ಯಾಕತ್ತಿದ್ದೆ, ಲೋಕಲ್ ಬಿಟ್ಟಬಿಡ್ತು. ವಿಚಾರ ಮಾಡಲೇ ಇಲ್ರಿ, ಓಡಿದೆ. ಹತ್ತಿದೆ. ಲೇಡೀಸ್ ಡಬ್ಬ್ಯಾಗ ಯಾರೂ ನನ್ನ ಕಡೆ ನೋಡಲಿಲ್ಲ. ಒಬ್ಬಾಕಿ ಸರದು ಜಾಗಾ ಕೊಟ್ಲು, ಮತ್ತ ತನ್ನ ಫೋನಿನ್ಯಾಗ ಮಾತಾಡಾಕ ಹತ್ತಿದ್ಲು. ಅಷ್ಟ. ಓಡಿ ಬಂದಾಕಿ ಒಬ್ಬಾಕಿ, ಅಷ್ಟ." ಅವರು ನನ್ನ ಕಡೆ ತಿರುಗಿದರು. "ನಡಿಯೂವಾಗ ನಂಗ ಇನ್ನೂ ಮೊದಲಿನ ಮೈ ನೆನಪಾಕ್ಕೈತ್ರಿ. ಓಡೂವಾಗ ಆಗೂದಿಲ್ಲ."

ನಾನು ಅವರ ಮಂಚದ ತುದಿಯಲ್ಲಿ ಕುಳಿತೆ. ಇಷ್ಟು ದಿನ ಇಬ್ಬರು ವೈದ್ಯರೂ ನಾನೂ ಅವರ ಮೊಣಕಾಲಿನ ಬಗ್ಗೆ, ಕಿಲೋಗಳ ಬಗ್ಗೆ ಮಾತಾಡಿದ್ದೆವು. ಯಾಕೆ ಓಡುತ್ತೀರಿ ಎಂದು ಯಾರೂ ಕೇಳಿರಲಿಲ್ಲ.

"ಹಂಗಾದ್ರ ಆ ಗೇಟಿನ ಮ್ಯಾಲಿನ ಬ್ಯಾನರ್?" ಎಂದೆ. "ಅಲ್ಲಿ ಎಲ್ಲಾರೂ ನಿಮ್ಮನ್ನ ನೋಡ್ತಾರಲ್ಲ."

"ಅದ ನೋಡ್ರಿ" ಎಂದರು. ಮುಖ ಕೆಂಪಾಯಿತು. "ಬ್ಯಾಡ ಅನ್ನಾಕ ನಂಗ ಬರಲಿಲ್ಲ."

ನಾನೇ ಫೋನು ಮಾಡಿ ಬ್ಯಾನರ್ ತೆಗೆಸುತ್ತೇನೆ ಎಂದೆ. ಅವರು ತಾವೇ ಮಾಡುತ್ತೇನೆ ಎಂದು ಫೋನು ಕೈಗೆತ್ತಿಕೊಂಡರು. ಡ್ರೈವರುಗಳಿಗೆ ದಾರಿ ಹೇಳುವ ಆ ಗಟ್ಟಿ ದನಿಯಲ್ಲಿ, ಹಿಂದಿ ತೆಲುಗು ಎರಡನ್ನೂ ಬೆರೆಸಿ, ನನ್ನ ಹಳೆಯ ಫೋಟೋ ಹಾಕಲು ನಾನು ಒಪ್ಪಿದ್ದು ತಪ್ಪಾಯಿತು, ನಾಳೆ ಬೆಳಗಿನೊಳಗೆ ಅದು ಅಲ್ಲಿರಬಾರದು, ಎಂದು ಹೇಳಿ ಮುಗಿಸಿದರು. ಇಷ್ಟೂ ಹೊತ್ತು ಪಕ್ಕದಲ್ಲಿ ಕುಳಿತಿದ್ದ ರೇವಣಸಿದ್ದಪ್ಪನವರು ಹೆಂಡತಿಯನ್ನು ಹೊಸಬಳೆಂಬಂತೆ ನೋಡಿದರು.

ಅನಂತರದ ತಿಂಗಳುಗಳು ಸುಲಭದವಾಗಿರಲಿಲ್ಲ. ಬಿರುಕು ಕೂಡುವವರೆಗೆ ಊರುಗೋಲು. ಹುಣ್ಣಿಗೆ ಔಷಧಿ. ನುಂಗುವ ಕ್ಯಾಲ್ಸಿಯಂ ಬದಲು ಜಗಿಯುವ ಮಾತ್ರೆ. ಮೂಳೆ ತಜ್ಞರ ಜೊತೆ ನಾನು ಜಗಳವನ್ನೇ ಆಡಿದೆ. ಇವರು ಓಡುವುದು ಖಂಡಿತ. ಗುಟ್ಟಾಗಿ ಓಡುವುದರ ಬದಲು ನನಗೆ ತಿಳಿದ ಹಾಗೆ ಓಡಲಿ ಎಂದೆ. ಅವರು ಒಪ್ಪದೆಯೇ ನನ್ನ ಚಿಕಿತ್ಸೆಯ ಯೋಜನೆಗೆ ಸಹಿ ಹಾಕಿದರು.

ಮಹಾನಂದಾ ಜೊತೆ ಹೊಸ ಕರಾರು ಮಾಡಿಕೊಂಡೆ. ಮೊದಲು ಸೈಕಲ್, ಆಮೇಲೆ ನಡಿಗೆ, ಆಮೇಲೆ ನಡಿಗೆಯ ನಡುವೆ ತುಸು ಓಟ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಮೂರರ ಒಳಗಿದ್ದರೆ ಮುಂದುವರಿಯಬಹುದು, ದಾಟಿದರೆ ನಿಲ್ಲಬೇಕು. ಮೊಣಕಾಲು ಸವೆದಿರುವುದು ನಿಜ, ಅದು ಎಂದೂ ಪೂರ್ತಿ ಸುಮ್ಮನಿರುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದೆ. "ಅದು ಗೊತ್ತೈತ್ರಿ, ನನ್ನ ಕಾಲ ಅಲ್ಲೇನು" ಎಂದರು.

ಅವರು ಒಳ್ಳೆಯ ರೋಗಿಯಾದರು ಎಂದು ಬರೆದರೆ ಸುಳ್ಳಾಗುತ್ತದೆ. ಸೈಕಲ್ಲಿನ ಬಗ್ಗೆ ಗೊಣಗಿದರು. ವ್ಯಾಯಾಮಗಳನ್ನು ಮತ್ತೆ ಮತ್ತೆ ಮರೆತರು. ಮುಂದಿನ ಚಳಿಗಾಲದಲ್ಲಿ ತಾರ್ನಾಕದ ವಿಶ್ವವಿದ್ಯಾಲಯದ ಮರಗಳ ಸಾಲಿನ ರಸ್ತೆಯಲ್ಲಿ ಓಡಲು ಆರಂಭಿಸಿದಾಗ, ಚುರುಕಾಗಿ ನಡೆಯುವ ನಿವೃತ್ತ ಪ್ರೊಫೆಸರುಗಳು ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಅದಕ್ಕೆ ಅವರಿಗೇನೂ ಬೇಸರವಿರಲಿಲ್ಲ.

ಒಂದು ಬೆಳಿಗ್ಗೆ ನಾನು ವಿಭಾಗದ ಬಾಗಿಲು ತೆಗೆಯುವಾಗ ಅವರು ಬೆವರಿದ ಬಟ್ಟೆಯಲ್ಲೇ ಬೆಂಚಿನ ಮೇಲೆ ಕುಳಿತಿದ್ದರು. ಅಪಾಯಿಂಟ್‌ಮೆಂಟ್ ಇರಲಿಲ್ಲ.

"ಇವತ್ತ ನೀವು ಹೇಳಿದ್ದಕ್ಕಿಂತ ಜಾಸ್ತಿ ಓಡೀನ್ರಿ. ಹವಾ ಛಲೋ ಇತ್ತು, ನಿಂದ್ರಾಕ ಮನಸಾಗಲಿಲ್ಲ. ಮೊಣಕಾಲ ಐದಕ್ಕ ಹೋಗೈತಿ. ಗುಳಿಗಿ ಮುಟ್ಟಿಲ್ಲ. ಬೈರಿ."

ಮನಸಾರೆ ಬೈದೆ. ಅವರು ಪೂರ್ತಿ ಕೇಳಿಸಿಕೊಂಡು, ಐಸ್ ಎಲ್ಲಿ ಇಡಬೇಕು ಎಂದು ಕಾಲು ಚಾಚಿದರು. ಎಲ್ಲಿ ನೋವು ಎಂದರೆ, ಒಂದೇ ಬೆರಳಿಡದೆ, ಅಂಗೈಯನ್ನು ಇಡೀ ಮೊಣಕಾಲಿನ ಮೇಲೆ ಹರವಿ ತೋರಿಸಿದರು.

ಆಮೇಲೆ ನನ್ನ ಕೈಕೆಳಗೆ ಕಲಿಯಲು ಬಂದ ತರುಣರಿಗೆ ನಾನು ಹೇಳುತ್ತ ಬಂದದ್ದು ಇಷ್ಟು. ಹೇಳಿದ ಹಾಗೆ ಕೇಳುವ ರೋಗಿಗಳು ಕಡಿಮೆ. ಅದಕ್ಕಾಗಿ ಸಿಟ್ಟಾಗುವುದಿದ್ದರೆ ಸಿಟ್ಟಾಗಿ, ನಾನಂತೂ ನಿವೃತ್ತಿಯ ದಿನದವರೆಗೂ ಆಗಿದ್ದೇನೆ. ಆದರೆ ನಿಮ್ಮ ಮಾತು ಮೀರಿದ ಮೇಲೂ ರೋಗಿ ಎದ್ದು ಮೊದಲು ನಿಮ್ಮ ಹತ್ತಿರವೇ ಬರಬೇಕು, ಔಷಧಿ ಅಂಗಡಿಗೆ ಹೋಗಬಾರದು. ಆ ದಾರಿ ತೆರೆದಿಡುವುದು ಚಿಕಿತ್ಸೆಯ ಅರ್ಧ ಭಾಗ.